ಮುಳ್ಳಿಲ್ಲದ ಮೀನು

“ಈ ಪುಟ್ಟ ಪಾತ್ರೆ ಯಾರದು?”

ಅತ್ತಿಗೆ ಅಡುಗೆಮನೆಯ ಗೂಡಿನಿಂದ ಅಂಗೈಯಗಲದ ಸ್ಟೀಲ್ ಪಾತ್ರೆಯೊಂದನ್ನು ಇಳಿಸಿ, ಕಿಟಕಿಯ ಬೆಳಕಿಗೆ ಹಿಡಿದು ಕೇಳಿದರು.

“ನಮ್ಮಮ್ಮಂದು,” ಎಂದರು ಬಾಗಿಲಲ್ಲಿ ನಿಂತಿದ್ದ ಟೀಚರ್. “ಅದನ್ನೇ ನಾನು ಮೊದಲ ದಿನದಿಂದ ಬಾಯಿ ನೋಯೋ ಹಾಗೆ ಹೇಳ್ತಿರೋದು. ಒಂದೇ ಮನೆ, ಒಂದೇ ಒಲೆ. ಅವಳಿಗೂ ಅವಳ ಮಗಳಿಗೂ ದೊಡ್ಡ ಪಾತ್ರೆ. ಅಮ್ಮನಿಗೆ ಮಾತ್ರ ಬೇರೆ ಪಾತ್ರೆ, ಬೇರೆ ಅಡುಗೆ. ಯಾಕೆ?”

ಹಿಂದಿನದನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ: ನದಿ ದಂಡೆಯ ಈ ಮನೆಯ ಅಜ್ಜಿ ಕೈಕಾಲು ಮರಗಟ್ಟಿ, ಮಾತು ತೊದಲಿ ಆಸ್ಪತ್ರೆ ಸೇರಿದ್ದಾರೆ, ರಕ್ತದಲ್ಲಿ ಪಾದರಸ ಸಿಕ್ಕಿದೆ, ಮಗಳು ಟೀಚರ್ ಕೊಟ್ಟ ದೂರಿನ ಮೇಲೆ ಗಂಡನಿಲ್ಲದ ಸೊಸೆಯನ್ನು ನಾನು ಠಾಣೆಗೆ ತಂದು ಕೂರಿಸಿದ್ದೇನೆ, ಇವತ್ತು ಸಂಜೆ ಆಕೆಯನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು.

ಸೊಸೆಗೆ ಬೀದಿಯವರು ಇಟ್ಟ ಹೆಸರು ರಿಪೇರಿಯಮ್ಮ. ಆಸ್ಪತ್ರೆಗಳಿಂದ ಬರುವ, ಬಿಪಿ ಅಳೆಯುವ ಹಳೇ ಪೆಟ್ಟಿಗೆಗಳನ್ನು ಬಿಚ್ಚಿ, ಒಳಗಿನ ಪಾದರಸ ಸೋಸಿ, ಗಾಜಿನ ಕೊಳವೆ ಬದಲಿಸಿ ಕೊಡುವ ಅಂಗಡಿಯಲ್ಲಿ ಕೆಲಸ. ಅಂದರೆ ವಿಷ ಕೈಯಳತೆಯಲ್ಲೇ ಇದೆ. ಮನೆ ಅತ್ತೆಯ ಹೆಸರಿನಲ್ಲಿದೆ. ಅತ್ತೆಯ ಅಡುಗೆ ಬೇರೆ. ಇದೆಲ್ಲ ಸಾಲದೆಂಬಂತೆ, ದಿನಾ ಆಸ್ಪತ್ರೆಗೆ ಊಟ ಕಳಿಸಿ ನರ್ಸಿಗೆ ಫೋನು ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದಳು: “ಪೂರ್ತಿ ತಿಂದ್ರಾ? ಪಾತ್ರೆ ಖಾಲಿ ಆಯ್ತಾ?”

ಪೊಲೀಸಿನವನಿಗೆ ಇನ್ನೇನು ಬೇಕು? ಕೇಸಿನ ಮುಖ್ಯ ಅಂಶ ಎಂದು ಆ ಪ್ರಶ್ನೆಯ ಕೆಳಗೆ ನಾನು ಎರಡು ಗೆರೆ ಎಳೆದಿದ್ದೆ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ದೊಡ್ಡಾಸ್ಪತ್ರೆಯ ಪ್ರಯೋಗಾಲಯದಲ್ಲಿ ರಸಾಯನ ತಜ್ಞೆ. ಅಣ್ಣ ಹಡಗಿನ ಕೆಲಸಕ್ಕೆ ಹೊರಟ ಮೇಲೆ, ಒಂದು ವರ್ಷದಿಂದ ನಮ್ಮ ಮನೆಯಲ್ಲೇ ಇದ್ದಾರೆ. ಸಂಬಂಧಿಕರನ್ನು ಕೇಸಿಗೆ ಸೇರಿಸಿಕೊಂಡೆನೆಂದು ನಮ್ಮ ಸಾಹೇಬರು ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ. ಈ ಊರಿನಲ್ಲಿ ಪಾದರಸ ಅಳೆಯುವ ಯಂತ್ರ ಇರುವುದೇ ಒಂದು, ಅದು ಕೇಳುವುದು ಅತ್ತಿಗೆಯ ಮಾತೊಂದನ್ನೇ.

ಹೊಗಳುಭಟ್ಟ ಅಂದುಕೊಂಡರೂ ಚಿಂತೆಯಿಲ್ಲ, ನಾನು ಹೇಳಿಯೇ ಹೇಳುತ್ತೇನೆ. ಇಂಥ ತಲೆಯನ್ನು ನಾನು ಇನ್ನೊಂದು ನೋಡಿಲ್ಲ. ನಾವು ಒಂದು ವಸ್ತು ಕಂಡರೆ ಅದು ಯಾರನ್ನು ಸಿಕ್ಕಿಹಾಕಿಸುತ್ತದೆ ಎಂದು ಯೋಚಿಸುತ್ತೇವೆ. ಅತ್ತಿಗೆ ಅದು ಏನು ಕೆಲಸಕ್ಕೆ ಬರುತ್ತಿತ್ತು ಎಂದಷ್ಟೇ ಯೋಚಿಸುತ್ತಾರೆ.

ಈಗಲೂ ಅದೇ ಆಯಿತು. ಪಾತ್ರೆಯ ಪಕ್ಕದಲ್ಲಿ ಮೊಳೆಗೆ ನೇತುಹಾಕಿದ್ದ ಸಣ್ಣ ಚಿಮಟವನ್ನು ಅವರು ತೆಗೆದುಕೊಂಡರು. ರಿಪೇರಿ ಅಂಗಡಿಯದು, ಉದ್ದ ಮೂತಿಯದು.

“ಇದು ಅಂಗಡಿಯ ಸಾಮಾನು,” ಎಂದೆ. “ಪಾದರಸದ ಕೆಲಸಕ್ಕೆ ಬಳಸೋದು. ಅಡುಗೆಮನೆಗೆ ಯಾಕೆ ಬಂತು ಅಂತ ಕೇಳಿದ್ರೆ ಆಯಮ್ಮ ಬಾಯೇ ಬಿಡಲಿಲ್ಲ.”

“ನೀನು ಹೇಗೆ ಕೇಳಿದೆ? ಮೇಜು ಗುದ್ದಿ ತಾನೇ?”

ನಾನು ಕಿಟಕಿಯ ಕಡೆ ತಿರುಗಿದೆ. ಕೆಳಗೆ ನದಿ, ಪಾವಟಿಗೆಯ ಬುಡದಲ್ಲಿ ಬಾತುಕೋಳಿಗಳು ಕೆಸರಿಗೆ ತಲೆ ಹಾಕಿ ಬಾಲ ಮೇಲೆತ್ತಿದ್ದವು. ನನಗಿಂತ ನೆಮ್ಮದಿಯಾಗಿದ್ದವು.

ಅತ್ತಿಗೆ ಚಿಮಟದ ತುದಿಯನ್ನು ಮೂಗಿನ ಹತ್ತಿರ ತಂದವರೇ ಮುಖ ಸಿಂಡರಿಸಿ ಕರವಸ್ತ್ರ ಹುಡುಕಿದರು. “ಮೀನು. ಅಬ್ಬಾ, ಏನು ವಾಸನೆ!” ಹುಟ್ಟಿದಾಗಿನಿಂದ ಮೀನು ಮುಟ್ಟಿದವರಲ್ಲ ನಮ್ಮ ಅತ್ತಿಗೆ. ನಮ್ಮ ಮನೆಯಲ್ಲಿ ಮೀನು ಮಾಡಿದ ದಿನ ಮಹಡಿಯ ಮೇಲೆ ಹೋಗಿ ಕೂರುತ್ತಾರೆ.

ಮೂಗು ಒರೆಸಿಕೊಂಡು ಅವರು ಟೀಚರ ಕಡೆ ತಿರುಗಿದರು. “ನಿಮ್ಮ ತಾಯಿಗೆ ಹಲ್ಲಿಲ್ಲ ಅಲ್ವಾ?”

“ಒಂದೂ ಇಲ್ಲ. ಎಲ್ಲಾ ಕೀಳಿಸಿದ್ದು. ಕಟ್ಟಿಸಿದ ಹಲ್ಲು ಹಾಕ್ಕೊಳ್ಳಿ ಅಂದ್ರೆ ಚುಚ್ಚುತ್ತೆ ಅಂತ ಎತ್ತಿಟ್ಟುಬಿಟ್ಟರು.”

“ಮೀನು ಅಂದ್ರೆ ಇಷ್ಟಾನಾ?”

“ಇಷ್ಟಾನಾ ಅಂತ ಕೇಳ್ತೀರಾ? ಮೀನಿಲ್ಲದ ಊಟ ಊಟವೇ ಅಲ್ಲ ಅಮ್ಮನಿಗೆ. ಹಲ್ಲು ಕೀಳಿಸಿದ ಹೊಸದರಲ್ಲೇ ಸಣ್ಣ ಮೀನು ತಿನ್ನೋಕೆ ಹೋಗಿ ಗಂಟಲಿಗೆ ಮುಳ್ಳು ಸಿಕ್ಕಿ ಪ್ರಾಣ ಹೋಗೋದರಲ್ಲಿತ್ತು. ಆಮೇಲಿಂದ ಅವಳು ಅಮ್ಮನಿಗೆ ಅಂತಲೇ ಬೇರೆಯಾಗಿ…”

“ಬೇರೆಯಾಗಿ?”

“ದೊಡ್ಡ ಮೀಸೆಮೀನು ತರ್ತಿದ್ದಳು. ಅದರಲ್ಲಿ ಮುಳ್ಳು ಕಮ್ಮಿ. ಇದ್ದಬದ್ದ ಮುಳ್ಳನ್ನೂ ಕಿತ್ತು…” ಅವರ ಕಣ್ಣು ಚಿಮಟದ ಮೇಲೆ ಹೋಯಿತು.

ಸೇತುವೆಯ ಕೆಳಗೆ ಸಿಗುವ ಆ ಮೀನು ನಮಗೆಲ್ಲ ಗೊತ್ತು. ತೊಡೆಯ ಗಾತ್ರಕ್ಕೆ ಬೆಳೆಯುತ್ತದೆ, ಬಾಯಿ ತೆರೆದು ಚಿಕ್ಕ ಮೀನುಗಳನ್ನು ಹಿಂಡುಗಟ್ಟಲೆ ನುಂಗುತ್ತದೆ. ದುಬಾರಿ ಮೀನು ಬೇರೆ. ರಿಪೇರಿಯಮ್ಮ ತನಗೂ ಮಗಳಿಗೂ ಅಗ್ಗದ ಸಣ್ಣ ಮೀನು ಬೇಯಿಸಿಕೊಂಡು, ಅತ್ತೆಗೆ ಈ ಮೀನಿನ ತುಂಡನ್ನು ಪುಟ್ಟ ಪಾತ್ರೆಯಲ್ಲಿ ಬೇಯಿಸುತ್ತಿದ್ದಳು. ನಾನು ಅದನ್ನು ಸಂಚು ಎಂದು ಬರೆದುಕೊಂಡಿದ್ದೆ.

ಟೀಚರ್ ಸೋಲೊಪ್ಪುವ ಪೈಕಿಯಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ, ಅವರ ಗಂಟಲಿಗೆ ತರಗತಿಯ ಕೊನೆಯ ಬೆಂಚೂ ಹೆದರುತ್ತದೆ. “ಸರಿ, ಮೀನು ಕೊಟ್ಟಳು. ಮೀನಿನ ಒಳಗೆ ಏನು ಹಾಕಿ ಕೊಟ್ಟಳು? ಅವಳ ಅಂಗಡಿಯಲ್ಲಿ ಬಾಟಲಿಗಟ್ಟಲೆ ಪಾದರಸ ಇದೆ.”

“ಬಾಟಲಿಯ ಪಾದರಸ ನುಂಗಿದ್ರೆ ಹೆಚ್ಚುಕಮ್ಮಿ ಎಲ್ಲಾ ಹೋದ ಹಾಗೇ ಹೊರಗೆ ಬರುತ್ತೆ,” ಎಂದರು ಅತ್ತಿಗೆ. “ಅದರ ಹಬೆ ಕುಡಿದ್ರೆ ಅಪಾಯ. ಆದರೆ ಆಗ ಮೂತ್ರದಲ್ಲಿ ಸಿಗಬೇಕು. ನಿಮ್ಮ ತಾಯಿಯ ಮೂತ್ರದಲ್ಲಿ ಇಲ್ಲವೇ ಇಲ್ಲ ಅನ್ನೋಷ್ಟು. ಕೂದಲಲ್ಲಿ ಮಾತ್ರ ತುಂಬಿಕೊಂಡಿದೆ. ಇದು ಬೇರೆ ಜಾತಿ ಪಾದರಸ. ನದಿಯ ತಳದ ಕೆಸರಲ್ಲಿ ಕ್ರಿಮಿಗಳು ಅದನ್ನ ಬದಲಾಯಿಸಿರುತ್ತವೆ. ಅದು ಊಟದ ಜೊತೆ ಹೋಗಿ ಮೈಯಲ್ಲೇ ಉಳ್ಕೊಳ್ಳುತ್ತೆ, ಮಿದುಳಿಗೂ ಹೋಗುತ್ತೆ.”

“ನದಿ ನೀರು ಶುದ್ಧ ಅಂತ ಹೋದ ತಿಂಗಳು ತಾನೇ ನೀರಿನ ಇಲಾಖೆ ಹೇಳಿದೆ.”

“ನೀರು ಶುದ್ಧವೇ. ನಾನೂ ನೋಡಿದೆ. ಅವರು ನೀರು ಪರೀಕ್ಷೆ ಮಾಡಿದರು, ನೀರು ಕುಡಿದು ಯಾರಿಗೂ ಏನೂ ಆಗಿಲ್ಲ.” ಅತ್ತಿಗೆ ಕಿಟಕಿಯ ಕಟ್ಟೆಯ ಮೇಲೆ ಬೆರಳಿನಿಂದ ಒಂದು ಚುಕ್ಕಿ ಇಟ್ಟರು. “ಕೆಸರಲ್ಲಿ ಇಷ್ಟೇ ಇಷ್ಟು. ಹುಳ ಕೆಸರು ತಿನ್ನುತ್ತೆ. ಚಿಕ್ಕ ಮೀನು ನೂರಾರು ಹುಳ ತಿನ್ನುತ್ತೆ. ಮೀಸೆಮೀನು ವರ್ಷಗಟ್ಟಲೆ ಚಿಕ್ಕ ಮೀನು ತಿನ್ನುತ್ತೆ. ತಿಂದದ್ದು ಕರಗುತ್ತೆ, ಇದೊಂದು ಕರಗಲ್ಲ. ಕೊನೆಗೆ ಎಲ್ಲರದ್ದೂ ಸೇರಿ ನಿಮ್ಮ ತಾಯಿಯ ತಟ್ಟೆಗೆ ಬಂತು.”

“ಕಥೆ ಚೆನ್ನಾಗಿದೆ. ಪುರಾವೆ?”

ನನಗೆ ರೇಗಿತು. ಅತ್ತಿಗೆಗೆ ಮಾತ್ರ ಖುಷಿಯಾಯಿತು. ಪ್ರಶ್ನೆ ಕೇಳುವವರು ಸಿಕ್ಕರೆ ಅವರ ಮುಖ ಅರಳುತ್ತದೆ. ಅದಕ್ಕೇ ನಮ್ಮಂಥ ತಲೆಯಾಡಿಸುವವರ ನಡುವೆ ಬಡವಾಗಿರುತ್ತಾರೆ.

“ಮೊದಲು ನೀವು ಹೇಳಿ. ಹಲ್ಲು ಕೀಳಿಸಿ ಎಷ್ಟು ದಿನ ಆಯ್ತು?”

“ಎರಡು ವರ್ಷ. ನಾನೇ ಕರ್ಕೊಂಡು ಹೋಗಿದ್ದೆ.”

ಅತ್ತಿಗೆ ಚೀಲದಿಂದ ಒಂದು ರಟ್ಟಿನ ಪಟ್ಟಿ ತೆಗೆದರು. ಅದರ ಮೇಲೆ ಅಜ್ಜಿಯ ಜಡೆಯಿಂದ ಕತ್ತರಿಸಿಕೊಂಡಿದ್ದ ಕೂದಲ ಎಳೆಗಳ ಒಂದು ಕಟ್ಟು, ನೇರವಾಗಿ ಅಂಟಿಸಿತ್ತು. ಬಿಳಿ ಕೂದಲು, ಮೊಳದುದ್ದ. ನಡುವೆ ಒಂದು ಕಡೆ ಕೆಂಪು ದಾರ ಕಟ್ಟಿತ್ತು.

“ಕೂದಲು ವರ್ಷಕ್ಕೆ ಸುಮಾರು ಅರ್ಧ ಗೇಣು ಬೆಳೆಯುತ್ತೆ. ತಿಂದದ್ದೆಲ್ಲ ಅದರಲ್ಲಿ ಉಳ್ಕೊಳ್ಳುತ್ತೆ. ನಾನು ನಿನ್ನೆ ಇದರ ಇನ್ನೊಂದು ಕಟ್ಟನ್ನ ಬುಡದಿಂದ ತುದಿವರೆಗೆ ತುಂಡು ತುಂಡಾಗಿ ಪರೀಕ್ಷೆ ಮಾಡಿದೆ. ತುದಿಯ ಕಡೆಯ ಹಳೇ ಕೂದಲಲ್ಲಿ ಸ್ವಲ್ಪ ಇದೆ, ಸಣ್ಣ ಮೀನು ತಿನ್ನೋರಿಗೆ ಇರೋಷ್ಟು. ನಿಮ್ಮ ತಮ್ಮನ ಹೆಂಡತಿಯ ಕೂದಲಲ್ಲಿರೋದೂ ಅಷ್ಟೇ. ಈ ದಾರದ ಹತ್ತಿರ ಬಂದಾಗ ಏರೋಕೆ ಶುರು. ಆಮೇಲೆ ಇಳಿದೇ ಇಲ್ಲ. ಬುಡದಿಂದ ದಾರಕ್ಕೆ ಎಷ್ಟಿದೆ, ಅಳೆದು ನೋಡಿ.”

ಟೀಚರ್ ಹತ್ತಿರ ಬಂದರು. ಹೆಬ್ಬೆರಳನ್ನು ಕೂದಲ ಬುಡಕ್ಕೆ ಊರಿ ಕಿರುಬೆರಳನ್ನು ಚಾಚಿದರು. ಕಿರುಬೆರಳು ದಾರದ ಮೇಲೆ ಬಂದು ಕೂತಿತು.

ಒಂದು ಗೇಣು.

ದಾರ ಕಟ್ಟಿದ್ದು ನಿನ್ನೆ, ಹಲ್ಲಿನ ಮಾತು ಬಂದದ್ದು ಈಗ. ಚಪ್ಪಾಳೆ ತಟ್ಟುವ ಆಸೆಯಾಗಿ ಕೈಗಳನ್ನು ಜೇಬಿಗೆ ಹಾಕಿಕೊಂಡೆ.

ಟೀಚರ್ ಕೈ ತೆಗೆಯಲಿಲ್ಲ. ಅಮ್ಮನ ಕೂದಲನ್ನು ಮೆಲ್ಲಗೆ ಸವರಿದರು. “ದಿನಾ ಎಣ್ಣೆ ಹಚ್ಚಿ ಬಾಚ್ತಿದ್ದಳು,” ಎಂದರು ಯಾರಿಗೂ ಅಲ್ಲದಂತೆ. “ಅವಳ ಮಗಳು ನನ್ನ ಮನೆಯಲ್ಲಿದ್ದಾಳೆ. ಅಮ್ಮ ಯಾವಾಗ ಬರ್ತಾಳೆ ಅತ್ತೆ ಅಂತ ಬೆಳಗ್ಗೆ ಕೇಳಿದಳು. ನಾನು ಬೈದು ಕಳಿಸಿದೆ.”

ಕೆಲಸ ಮುಗಿಯಿತು ಎಂದು ನಾನು ಟೋಪಿ ಎತ್ತಿಕೊಂಡೆ. ಆದರೆ ಟೀಚರ್ ಕಣ್ಣೊರೆಸಿಕೊಂಡು ಮತ್ತೆ ಟೀಚರ್ ಆದರು.

“ಒಂದು ಪ್ರಶ್ನೆ ಉಳೀತು ಮೇಡಂ. ಹೋಲಿಸಿ ನೋಡೋಕೆ ಯಾರ ಕೂದಲು ಇಟ್ಟಿದ್ದೀರಿ? ಮೀನು ತಿನ್ನದೇ ಇರೋರದ್ದು? ಈ ಊರಲ್ಲಿ ಎಲ್ಲರ ತಲೆಯಲ್ಲೂ ಇಷ್ಟೇ ಇದ್ದರೆ, ತಪ್ಪು ಮೀನಿನದು ಅಂತ ಹೇಗೆ ಹೇಳ್ತೀರಿ? ಹೋಲಿಕೆ ಇಲ್ಲದ ಪ್ರಯೋಗ ಮಾಡ್ಕೊಂಡು ಬಂದರೆ ನಾನು ಹುಡುಗರನ್ನ ತರಗತಿಯಿಂದ ಆಚೆ ಕಳಿಸ್ತೀನಿ.”

“ಕಳಿಸಲೇಬೇಕು!” ಅತ್ತಿಗೆ ನಕ್ಕೇಬಿಟ್ಟರು. “ನನ್ನದೇ ಕೂದಲು ಇಟ್ಟಿದ್ದೀನಿ. ಯಾವಾಗಲೂ ನನ್ನದೇ. ಜನ್ಮದಲ್ಲಿ ಮೀನು ತಿಂದವಳಲ್ಲ. ನಿನ್ನೆ ಯಂತ್ರಕ್ಕೆ ಹಾಕೋಕೆ ಹೊತ್ತು ಸಿಗಲಿಲ್ಲ. ಈಗ ಹೋಗಿ ನೋಡ್ತೀನಿ.”

“ನಿಮ್ಮದು ಶುದ್ಧ ಬಂದರೆ ನಾನೇ ಠಾಣೆಗೆ ಬಂದು ದೂರು ವಾಪಸ್ ತಗೋತೀನಿ. ಅವಳ ಕಾಲಿಗೆ ಬೀಳು ಅಂದ್ರೂ ಬೀಳ್ತೀನಿ. ಬರದಿದ್ದರೆ?”

“ಬರದಿದ್ದರೆ ಅದನ್ನೂ ನಾನೇ ನಿಮ್ಮ ಕೈಗೆ ತಂದುಕೊಡ್ತೀನಿ,” ಎಂದರು ಅತ್ತಿಗೆ, ಕಡ್ಡಿ ಮುರಿದಂತೆ.

ನೋಡಿ, ಇಬ್ಬರೂ ಎಂಥವರು! ಒಬ್ಬರು ತಾಯಿಯ ಸಂಕಟದಲ್ಲೂ ಪ್ರಶ್ನೆ ಬಿಡಲಿಲ್ಲ, ಇನ್ನೊಬ್ಬರು ಗೆದ್ದ ಹೊತ್ತಿನಲ್ಲೂ ಉತ್ತರ ತಪ್ಪಿಸಿಕೊಳ್ಳಲಿಲ್ಲ. ಜೀಪು ನಡೆಸುತ್ತಾ ನಾನು ಶಿಳ್ಳೆ ಹೊಡೆದೆ.

ಪ್ರಯೋಗಾಲಯ ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿದೆ. ಉದ್ದನೆಯ ಕಲ್ಲಿನ ಮೇಜು, ಗೋಡೆಗೆ ಒರಗಿದ ಗಾಜಿನ ಬೀರು, ಮೂಲೆಯಲ್ಲಿ ಆ ಯಂತ್ರ. ನೋಡಲು ಹಳೇ ರೇಡಿಯೋದಷ್ಟಿದೆ. ಪುಟ್ಟ ತಟ್ಟೆಯಲ್ಲಿ ಕೂದಲು ಇಟ್ಟರೆ ಅದನ್ನು ಸುಟ್ಟು, ಹಬೆಯಲ್ಲಿ ಪಾದರಸ ಎಷ್ಟಿದೆ ಎಂದು ತೋರಿಸುತ್ತದೆ.

ಅತ್ತಿಗೆ ಹಿಂದಿನ ದಿನವೇ ಕತ್ತರಿಸಿಟ್ಟಿದ್ದ ತಮ್ಮ ಕೂದಲನ್ನು ತಟ್ಟೆಗೆ ಹಾಕಿ ಒಳಗೆ ತಳ್ಳಿದರು. ಕಾಯುವ ಹೊತ್ತಿಗೆ ಹಸಿವೆಯಾಗಿ, ಬೆಳಗ್ಗೆ ಮನೆಯಿಂದ ತಂದಿದ್ದ ಡಬ್ಬಿ ತೆರೆದರು. ನನ್ನ ಹೆಂಡತಿ ಕಟ್ಟಿಕೊಟ್ಟದ್ದು. ಎರಡು ಬೇಯಿಸಿದ ಬಾತುಕೋಳಿ ಮೊಟ್ಟೆ, ಮೇಲೆ ಉಪ್ಪು ಮೆಣಸು. “ಮೀನಂತೂ ಮುಟ್ಟಲ್ಲ, ಅಕ್ಕ ಮೊಟ್ಟೆಯಾದರೂ ಚೆನ್ನಾಗಿ ತಿನ್ನಲಿ” ಎಂಬುದು ನನ್ನವಳ ಹಟ. ದಿನ ಬಿಟ್ಟು ದಿನ ನದಿ ದಂಡೆಗೆ ಹುಡುಕಿಕೊಂಡು ಹೋಗಿ ತರುತ್ತಾಳೆ. ಅತ್ತಿಗೆ ಒಂದನ್ನು ತಿಂದರು, ಇನ್ನೊಂದನ್ನು ಆಮೇಲೆ ಎಂದು ಮುಚ್ಚಿಟ್ಟರು.

ಯಂತ್ರ ಕೂಗಿತು. ಅತ್ತಿಗೆ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

“ಏನಾಯ್ತು?”

“ಅಜ್ಜಿಯದ್ದಕ್ಕಿಂತ ಕಮ್ಮಿ. ಆದರೆ ಇರಬಾರದಷ್ಟಿದೆ. ನಿನ್ನ ರಿಪೇರಿಯಮ್ಮನದಕ್ಕಿಂತಲೂ ಜಾಸ್ತಿ.”

“ಯಂತ್ರ ಕೆಟ್ಟಿರಬೇಕು ಅತ್ತಿಗೆ.”

ಅವರು ಯಂತ್ರವನ್ನೇ ಪರೀಕ್ಷೆಗೆ ಹಚ್ಚಿದರು. ಖಾಲಿ ತಟ್ಟೆ ಒಳಗೆ ಕಳಿಸಿದರು. ಏನೂ ಬರಲಿಲ್ಲ. ಪ್ರಮಾಣ ಗೊತ್ತಿರುವ ಪುಡಿಯೊಂದನ್ನು ಕಳಿಸಿದರು. ಬರಬೇಕಾದ್ದೇ ಬಂತು. ಯಂತ್ರ ಸರಿಯಾಗೇ ಇತ್ತು. ಆಮೇಲೆ ಕತ್ತರಿ ತಂದು ತಲೆಯ ಇನ್ನೊಂದು ಬದಿಯಿಂದ ಬುಡಕ್ಕೇ ಕತ್ತರಿಸಿ, ಕೂದಲನ್ನು ತುಂಡು ಮಾಡಿ ಒಂದೊಂದನ್ನೇ ಸುಟ್ಟರು. ತಮ್ಮದೇ ಮೈಯೊಳಗಿನ ವಿಷವನ್ನು ಇನ್ನೊಬ್ಬರದೆಂಬಂತೆ ಅಳೆಯುತ್ತಿದ್ದ ಆ ಹೆಂಗಸನ್ನು ನೋಡಿ ನಾನು ತಲೆಯ ಮೇಲಿನ ಟೋಪಿ ತೆಗೆದೆ.

ಹೊರಗೆ ಬಿಸಿಲು ವಾಲುತ್ತಿತ್ತು. ಸಾಹೇಬರು ಆಗಲೇ ಎರಡು ಸಲ ಫೋನು ಮಾಡಿದ್ದರು.

“ಅತ್ತಿಗೆ,” ಎಂದೆ ಮೆಲ್ಲಗೆ, “ನಿಮ್ಮದನ್ನ ಬಿಟ್ಟುಬಿಡಿ. ಬೇರೆ ಯಾರದ್ದಾದರೂ ಕೂದಲು ಹಾಕೋಣ. ಈ ಆಸ್ಪತ್ರೆಯಲ್ಲಿ ಮೀನು ತಿನ್ನದೋರು ಬೇಕಾದಷ್ಟು ಜನ ಇದ್ದಾರೆ. ಇದು ಹೊರಗೆ ಬಂದರೆ ಟೀಚರ ಕಡೆಯ ವಕೀಲರು ಬಿಡ್ತಾರಾ? ಮೀನು ತಿನ್ನದ ತಜ್ಞೆಯ ತಲೆಯಲ್ಲೇ ಪಾದರಸ ಇದೆ, ಇನ್ನು ಮೀನಿನ ಕಥೆ ಯಾಕೆ ಅಂತಾರೆ. ಆ ರಿಪೇರಿಯಮ್ಮ ನಿರಪರಾಧಿ ಅಂತ ನಿಮಗೂ ಗೊತ್ತು, ಈಗ ನನಗೂ ಗೊತ್ತು. ಸಂಜೆ ಜೈಲಿಗೆ ಹೋಗ್ತಾಳೆ.”

“ಗೊತ್ತು ಅಂತ ನೀನು ಆವತ್ತೂ ಅಂದಿದ್ದೆ. ಅವಳೇ ಅಪರಾಧಿ ಅಂತ.” ಅತ್ತಿಗೆ ನನ್ನ ಕಡೆ ನೋಡದೆ ಕೊನೆಯ ತುಂಡನ್ನು ಒಳಗೆ ತಳ್ಳಿದರು. “ಬೇಡವಾದ ಉತ್ತರ ಬಂದಾಗ ಪ್ರಶ್ನೆ ಬದಲಾಯಿಸಿದರೆ, ನಾಳೆ ನಾನು ಹೇಳೋ ಯಾವ ಮಾತನ್ನ ಯಾರು ನಂಬಬೇಕಪ್ಪಾ? ಟೀಚರಿಗೆ ಮಾತು ಕೊಟ್ಟಿದ್ದೀನಿ. ನಿಮ್ಮ ಸಾಹೇಬರಿಗೂ ಇದನ್ನೇ ಕೊಡ್ತೀನಿ.”

ಯಂತ್ರ ಕೊನೆಯ ಸಲ ಕೂಗಿತು. ಅವರು ತಮ್ಮ ಕೂದಲ ಇನ್ನೊಂದು ಕಟ್ಟನ್ನು ರಟ್ಟಿಗೆ ಅಂಟಿಸಿ, ಒಂದು ಜಾಗದಲ್ಲಿ ಕೆಂಪು ದಾರ ಕಟ್ಟಿ ನನ್ನ ಮುಂದಿಟ್ಟರು.

“ತುದಿಯ ಕೂದಲು ಶುದ್ಧವಾಗಿದೆ. ಇಲ್ಲಿಂದ ಏರಿದೆ. ನೀನೇ ಅಳೆ.”

ನಾನು ಹೆಬ್ಬೆರಳು ಊರಿದೆ. ಕಿರುಬೆರಳನ್ನು ಚಾಚುವ ಅಗತ್ಯವೇ ಬರಲಿಲ್ಲ. ಅರ್ಧ ಗೇಣು. ಒಂದು ವರ್ಷ.

“ಒಂದು ವರ್ಷದ ಹಿಂದೆ ಏನಾಗಿತ್ತು ಅತ್ತಿಗೆ?” ಎಂದು ಕೇಳಿದವನು ನಾನೇ. ಕೇಳಿ ಮುಗಿಸುವಷ್ಟರಲ್ಲಿ ನಾಲಿಗೆ ಕಚ್ಚಿಕೊಂಡೆ.

ಒಂದು ವರ್ಷದ ಹಿಂದೆ ಅತ್ತಿಗೆ ನಮ್ಮ ಮನೆಗೆ ಬಂದಿದ್ದರು.

ನಮ್ಮದೂ ಒಂದೇ ಮನೆ, ಒಂದೇ ಒಲೆ. ನನಗೂ ನನ್ನ ಹೆಂಡತಿಗೂ ದೊಡ್ಡ ಪಾತ್ರೆ. ಮೀನಿನ ವಾಸನೆ ತಾಗಬಾರದೆಂದು ಅತ್ತಿಗೆಗೆ ಮಾತ್ರ ಬೇರೆ ಪಾತ್ರೆ, ಬೇರೆ ಸೌಟು, ಬೇರೆ ಅಡುಗೆ. ಅದನ್ನು ಬೇಯಿಸುವ ಕೈ ಒಂದೇ.

ರಿಪೇರಿಯಮ್ಮನನ್ನು ಯಾವ ಲೆಕ್ಕದಲ್ಲಿ ಜೀಪು ಹತ್ತಿಸಿದ್ದೆನೋ ಆ ಲೆಕ್ಕದಲ್ಲಿ ಈಗ ಯಾರನ್ನು ಹತ್ತಿಸಬೇಕು ಎಂದು ನನಗೆ ಗೊತ್ತಾಯಿತು. ನನ್ನವಳು ಇರುವೆಯನ್ನೂ ಊದಿ ಓಡಿಸುವವಳು.

ಅತ್ತಿಗೆ ನನ್ನ ಮುಖ ಓದಿದರು. ಅವರ ಕಣ್ಣು ಕಲ್ಲಿನ ಮೇಜಿನ ಮೇಲಿದ್ದ ಊಟದ ಡಬ್ಬಿಯ ಕಡೆ ಹೋಯಿತು. ಆಮೇಲೆ ಹೊಸ ಕೈಗವಸು ಹಾಕಿಕೊಂಡು, ಉಳಿದಿದ್ದ ಮೊಟ್ಟೆಯ ಸಮೇತ ಡಬ್ಬಿಯನ್ನು ಎತ್ತಿ ಪಾರದರ್ಶಕ ಚೀಲದೊಳಗೆ ಇಳಿಸಿದರು. ಚೀಲದ ಬಾಯಿ ಮಡಚಿ, ಮೊಹರಿನ ಚೀಟಿ ಅಂಟಿಸಿ, ಪೆನ್ನಿನ ಜೊತೆ ನನ್ನ ಕಡೆ ಸರಿಸಿದರು.

“ತನಿಖಾಧಿಕಾರಿಯ ಸಹಿ ಬೇಕು,” ಎಂದರು. ದನಿ ಮೃದುವಾಗಿತ್ತು.

ನಾನು ಪೆನ್ನು ಹಿಡಿದೆ. ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಸಾಹೇಬರೆಂದು ತೆಗೆದರೆ ನನ್ನ ಹೆಂಡತಿ. ಹಿಂದೆ ನಲ್ಲಿಯ ಸದ್ದು, ಪಾತ್ರೆ ತೊಳೆಯುವ ಸದ್ದು ಕೇಳಿಸುತ್ತಿತ್ತು.

“ರೀ, ಅಕ್ಕ ಜೊತೆಗಿದ್ದಾರಾ? ಡಬ್ಬಿ ಕೊಟ್ಟಿದ್ದೆ,” ಎಂದಳು ಅವಳು. “ಪೂರ್ತಿ ತಿಂದ್ರಾ? ಖಾಲಿ ಆಯ್ತಾ?”